ಭಾವ ಮುಟ್ಟಗೊಡದ ಸೀರಮ್

ನನ್ನ ಭಾವನ ಬಿಳಿ ಅಂಗಿಯೊಂದರ ಬಲತೋಳು ಎಡತೋಳಿಗಿಂತ ಬೆಳ್ಳಗಿದೆ. ಅದು ದರ್ಜಿಯ ತಪ್ಪಲ್ಲ. ಅಕ್ಕ ಹೊಸ ಸೋಪಿನ ಪುಡಿ ತಂದ ದಿನ ಭಾವ ಅಂಗಿಯನ್ನು ಅವಳ ಕೈಯಿಂದ ಕಿತ್ತುಕೊಂಡು, ಬಲತೋಳನ್ನು ಹೊಸ ಪುಡಿಯ ಬಕೆಟ್ಟಿನಲ್ಲೂ ಎಡತೋಳನ್ನು ಹಳೇ ಪುಡಿಯ ಬಕೆಟ್ಟಿನಲ್ಲೂ ನೆನೆಹಾಕಿದರು. ಅಂಗಿಯ ಮೈಭಾಗ ಎರಡು ಬಕೆಟ್ಟುಗಳ ನಡುವೆ ಸೇತುವೆಯ ಹಾಗೆ ನೇತಾಡುತ್ತಿತ್ತು. ಹೊಸ ಪುಡಿ ಗೆದ್ದಿತು, ಅಂಗಿ ಸೋತಿತು. ಅದನ್ನೇ ಹಾಕಿಕೊಂಡು ಅವರು ಈಗಲೂ ಕೆಲಸಕ್ಕೆ ಹೋಗುತ್ತಾರೆ. ಯಾರಾದರೂ ಕೇಳಿದರೆ ಸ್ವಲ್ಪವೂ ಸಂಕೋಚವಿಲ್ಲದೆ ಎರಡೂ ತೋಳು ಚಾಚಿ ತೋರಿಸುತ್ತಾರೆ.

ಕೂದಲು ಉದುರತೊಡಗಿದಾಗಲೂ ಇದೇ ಕಥೆ. ಯಾರೋ ಒಂದು ಎಣ್ಣೆ ಚೆನ್ನಾಗಿದೆ ಎಂದರು. ಭಾವ ಅದನ್ನು ತಲೆಯ ಬಲಭಾಗಕ್ಕೆ ಮಾತ್ರ ಹಚ್ಚಿಕೊಂಡರು. ತಿಂಗಳುಗಟ್ಟಲೆ ಅರ್ಧ ತಲೆ ಮಿರಮಿರ ಮಿಂಚುತ್ತಿತ್ತು, ಇನ್ನರ್ಧ ಒಣಹುಲ್ಲಿನ ಹಾಗೆ ಎದ್ದು ನಿಂತಿರುತ್ತಿತ್ತು. ಅವರ ಪಕ್ಕದಲ್ಲಿ ನಡೆಯುವಾಗ ಅಕ್ಕ ಯಾವಾಗಲೂ ಬಲಗಡೆಗೇ ಬರುತ್ತಿದ್ದಳು. ಕೊನೆಗೆ ಎರಡೂ ಕಡೆ ಒಂದೇ ಸಮನಾಗಿ ಬೋಳಾಯಿತು. ನಾನಾಗಿದ್ದರೆ ಆ ಬಾಟಲಿಯನ್ನು ಮಾರಿದವನ ಮೇಜಿನ ಮೇಲೆ ಕುಕ್ಕಿ ಬರುತ್ತಿದ್ದೆ. ಭಾವ ಕನ್ನಡಿಯ ಮುಂದೆ ನಿಂತು, ಎರಡೂ ಕಡೆ ಕೈಯಾಡಿಸಿ ನೋಡಿಕೊಂಡು, "ಈಗ ಖಾತ್ರಿ ಆಯ್ತು," ಎಂದು ಸಮಾಧಾನದಿಂದ ಹೇಳಿದರು.

ಇವರು ನಮ್ಮ ಮನೆಗೆ ಅಳಿಯನಾಗಿ ಬಂದದ್ದೂ ಇದೇ ಗುಣದಿಂದ. ನಮ್ಮದು ಫ್ರಿಜ್ಜು, ಫ್ರೀಜರುಗಳ ರಿಪೇರಿ ಅಂಗಡಿ. ಅಪ್ಪ ನಡೆಸುತ್ತಿದ್ದರು, ಈಗ ನಾನು ನಡೆಸುತ್ತೇನೆ. ಸಂಶೋಧನೆ ಮಾಡುವ ದೊಡ್ಡ ಕಟ್ಟಡವೊಂದು ನಮ್ಮ ಬೀದಿಯ ಕೊನೆಗಿದೆ. ಅಲ್ಲಿನ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದ ಈ ಸಣಕಲು ಮನುಷ್ಯ ಒಂದು ದಿನ ಅಂಗಡಿಗೆ ಬಂದು, ಫ್ರಿಜ್ಜಿನೊಳಗೆ ಇಡುವ ಥರ್ಮಾಮೀಟರ್ ಎರಡು ಬೇಕು ಎಂದರು. ಗಲ್ಲಾದಲ್ಲಿ ಅಕ್ಕ ಕೂತಿದ್ದಳು. ಫ್ರಿಜ್ಜು ಎಷ್ಟು ಎಂದು ಕೇಳಿದಳು. ಒಂದು ಎಂದರು. ಮತ್ತೆ ಎರಡು ಯಾಕೆ ಎಂದಳು. ಒಂದು ಸುಳ್ಳು ಹೇಳಿದರೆ ಗೊತ್ತಾಗಬೇಕಲ್ಲ ಎಂದರು. ಎರಡೂ ಬೇರೆ ಬೇರೆ ತೋರಿಸಿದರೆ ಏನು ಮಾಡುತ್ತೀರಿ ಎಂದಳು. ಆ ಮನುಷ್ಯ ಸ್ವಲ್ಪ ಹೊತ್ತು ಯೋಚಿಸಿ, "ಮೂರನೇದು ತಗೊಳ್ಳೋಕೆ ಮತ್ತೆ ಬರ್ತೀನಿ," ಎಂದರು. ಬಂದರು. ಆಮೇಲೆ ಥರ್ಮಾಮೀಟರ್ ಬೇಕಿಲ್ಲದಾಗಲೂ ಬಂದರು.

ಅವರ ಕೆಲಸ ಏನೆಂದು ನನಗೆ ಅರ್ಥ ಮಾಡಿಸಲು ಭಾವ ಪಟ್ಟ ಪಾಡು ಅಷ್ಟಿಷ್ಟಲ್ಲ. ನನಗೋ ಎರಡನೇ ಮಾತಿಗೆ ರೇಗುತ್ತದೆ. ಆದರೂ ವರ್ಷಗಟ್ಟಲೆ ಆ ಲ್ಯಾಬಿನ ಫ್ರೀಜರುಗಳ ಹಿಂದೆ ಮಂಡಿಯೂರಿ ಕೂತು ಕೂತು ಒಂದಿಷ್ಟು ತಲೆಗೆ ಹತ್ತಿದೆ. ನಮ್ಮ ಮೈಯಲ್ಲಿ ಹಾರ್ಮೋನು ಎನ್ನುವುದು ರಕ್ತದಲ್ಲಿ ಸುತ್ತುತ್ತಾ ಎಲ್ಲ ಜೀವಕೋಶಗಳ ಬಾಗಿಲ ಮುಂದೆಯೂ ಹಾದುಹೋಗುತ್ತದೆ. ಎಲ್ಲರೂ ಅದರ ಮಾತು ಕೇಳುವುದಿಲ್ಲ. ಯಾವ ಕೋಶದಲ್ಲಿ ಅದನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಇದೆಯೋ ಆ ಕೋಶ ಮಾತ್ರ ಕೇಳುತ್ತದೆ. ಹಾಗಾದರೆ ಯಾವ ಕೋಶದಲ್ಲಿ ರಿಸೆಪ್ಟರ್ ಇದೆ, ಯಾವುದರಲ್ಲಿ ಇಲ್ಲ? ಅದನ್ನು ಕಂಡುಹಿಡಿಯುವುದೇ ಆ ಲ್ಯಾಬಿನ ಕೆಲಸ. ಕಣ್ಣಿಗೆ ಕಾಣದ ಆ ರಿಸೆಪ್ಟರನ್ನು ಹುಡುಕಿ ಹೋಗಿ ಅಂಟಿಕೊಳ್ಳುವ ಒಂದು ವಸ್ತು ಬೇಕು. ಅದೇ ಆಂಟಿಬಾಡಿ. ಅದನ್ನು ಮಾಡಿಕೊಡುವುದು ಮೊಲ.

ಮೊಲ ಎಂದರೆ ನಿಜವಾದ ಮೊಲ, ಎಲೆ ತಿನ್ನುವ ಮೊಲ. ರಿಸೆಪ್ಟರಿನ ಒಂದು ಚೂರನ್ನು ಅದಕ್ಕೆ ಚುಚ್ಚುತ್ತಾರೆ. ಮೊಲದ ಮೈ ಇದೇನೋ ಹೊರಗಿನವನು ನುಗ್ಗಿದ ಎಂದು ತಿಳಿದು, ಅವನನ್ನು ಹಿಡಿಯಲು ಆಂಟಿಬಾಡಿ ತಯಾರಿಸುತ್ತದೆ. ಆಮೇಲೆ ಕಿವಿಯ ನರದಿಂದ ಸ್ವಲ್ಪ ರಕ್ತ ತೆಗೆದು ಹೆಪ್ಪುಗಟ್ಟಲು ಬಿಟ್ಟರೆ ಮೇಲೆ ತಿಳಿಹಳದಿ ನೀರು ನಿಲ್ಲುತ್ತದೆ. ಅದು ಸೀರಮ್. ಆಂಟಿಬಾಡಿ ಇರುವುದು ಅದರಲ್ಲಿ.

ಭಾವ ಲ್ಯಾಬು ಸೇರಿದ ಹೊಸತರಲ್ಲಿ ಒಂದು ಬಿಳಿ ಹೆಣ್ಣು ಮೊಲವನ್ನು ಅವರ ಸುಪರ್ದಿಗೆ ಕೊಟ್ಟಿದ್ದರು. ಹೆಣ್ಣು ಹಾರ್ಮೋನು ಒಂದರ ರಿಸೆಪ್ಟರಿಗೆ ಆಂಟಿಬಾಡಿ ಮಾಡುವ ಮೊಲ. ಗೂಡಿನ ಮೇಲೆ ಬರೀ ನಂಬರ್ ಇತ್ತು. ಭಾವ ಅದನ್ನು ಅಮ್ಮಣ್ಣಿ ಎಂದು ಕರೆದರು. ಮನೆಯಿಂದ ಕ್ಯಾರೆಟ್ ಸಿಪ್ಪೆ, ಕೊತ್ತಂಬರಿ ಕಡ್ಡಿ ಜೇಬಿನಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ರಕ್ತ ತೆಗೆಯುವ ದಿನ ಅದರ ಕಿವಿಯನ್ನು ಅಂಗೈಗಳ ನಡುವೆ ಇಟ್ಟುಕೊಂಡು, ಬೆಚ್ಚಗಾಗುವವರೆಗೆ ಉಜ್ಜುತ್ತಾ, ಏನೇನೋ ಮಾತಾಡಿಸುತ್ತಿದ್ದರಂತೆ. "ನನ್ನ ಕಿವಿ ಹಿಂಡೋಕೆ ಮಾತ್ರ ಬರುತ್ತೆ, ಸವತಿ ಕಿವಿಗಾದ್ರೆ ಉಪಚಾರ," ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು.

ಆ ಸವತಿ ಹೆಸರು ಮಾಡಿದಳು. ಲ್ಯಾಬಿನಲ್ಲಿ ಇಲಿಯ ಗರ್ಭಕೋಶವನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಸ್ಲೈಡಿನ ಮೇಲೆ ಅಂಟಿಸುತ್ತಾರೆ. ಅದರ ಮೇಲೆ ಸೀರಮ್ ಹಾಕಿ, ತೊಳೆದು, ಬಣ್ಣ ಬರಿಸುವ ದ್ರಾವಣ ಹಾಕುತ್ತಾರೆ. ಆಂಟಿಬಾಡಿ ಅಂಟಿದ ಕಡೆ ಕಂದು ಬಣ್ಣ, ಉಳಿದ ಕಡೆ ತಿಳಿ ನೀಲಿ. ಅಮ್ಮಣ್ಣಿಯ ಸೀರಮ್ ಹಾಕಿದರೆ ಕೋಶದ ನಟ್ಟನಡುವೆ, ನ್ಯೂಕ್ಲಿಯಸ್ಸಿನಲ್ಲಿ, ಬೊಟ್ಟಿಟ್ಟ ಹಾಗೆ ಕಂದು ಬಣ್ಣ ಕೂರುತ್ತಿತ್ತು. ಈ ರಿಸೆಪ್ಟರ್ ಇರುವುದೇ ಅಲ್ಲಿ. ಅಷ್ಟು ಚೊಕ್ಕವಾದ ಬಣ್ಣ ಬೇರೆ ಕಡೆ ಸಿಗುವುದಿಲ್ಲ ಎಂದು ಬೇರೆ ಊರಿನ ಲ್ಯಾಬಿನವರೂ ಕೇಳಿ ತರಿಸಿಕೊಳ್ಳತೊಡಗಿದರು. ಅಮ್ಮಣ್ಣಿ ಮುದಿಯಾಗಿ ಕಣ್ಣು ಮುಚ್ಚಿದ ಮೇಲೂ ಅವಳ ಸೀರಮ್ ಪುಟ್ಟ ಪುಟ್ಟ ಟ್ಯೂಬುಗಳಲ್ಲಿ ಫ್ರೀಜರಿನಲ್ಲಿ ಉಳಿಯಿತು. ಯಾರಾದರೂ ಕೇಳಿ ಬರೆದರೆ ಭಾವ ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ತುಂಬಿ, ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ನಾಲ್ಕು ಸಲ ಮುಚ್ಚಳ ತೆಗೆದು ನೋಡಿ, ಕಳಿಸುತ್ತಿದ್ದರು. ದೊಡ್ಡ ದೊಡ್ಡ ಓದು ಓದಿದವರು ಅವರ ಮೊಲದ ನೀರಿಗಾಗಿ ಕಾಯುತ್ತಿದ್ದರು. ಅದು ಅವರ ಜೀವಮಾನದ ಸಂಪಾದನೆ. ಹಾಗೆಂದು ಅವರು ಹೇಳುತ್ತಿರಲಿಲ್ಲ. ಆದರೆ ಯಾರಾದರೂ ಆ ಸೀರಮ್ಮನ್ನು ಹೊಗಳಿದರೆ ಕತ್ತು ಬಗ್ಗಿಸಿ ನೆಲ ನೋಡುತ್ತಾ, ಮೀಸೆಯಲ್ಲೇ ನಗುತ್ತಿದ್ದರು.

ಈಗ ಒಂದು ಟ್ಯೂಬಿನ ವಿಷಯ ಹೇಳಬೇಕು, ಯಾಕೆಂದರೆ ರಾಮಾಯಣವೆಲ್ಲ ನಡೆದದ್ದು ಅದಕ್ಕಾಗಿ. ಮೊಲಕ್ಕೆ ಮೊದಲ ಸಲ ಚುಚ್ಚುವ ಮುಂಚೆ ಒಂದು ಸಲ ರಕ್ತ ತೆಗೆದಿಡುವುದು ಆ ಕೆಲಸದ ಪದ್ಧತಿ. ಏನೂ ಚುಚ್ಚದ ಮೊಲದ ಸೀರಮ್. ಅದರಲ್ಲಿ ರಿಸೆಪ್ಟರ್ ಹಿಡಿಯುವ ಆಂಟಿಬಾಡಿ ಇರುವುದಿಲ್ಲ. ಒಂದು ಸ್ಲೈಡಿಗೆ ಚುಚ್ಚಿದ ಮೇಲಿನ ಸೀರಮ್, ಪಕ್ಕದ ಸ್ಲೈಡಿಗೆ ಈ ಮುಂಚಿನ ಸೀರಮ್ ಹಾಕಬೇಕು. ಮೊದಲನೆಯದರಲ್ಲಿ ಮಾತ್ರ ಬಣ್ಣ ಬಂದರೆ ಅದು ನಂಬಬಹುದಾದ ಬಣ್ಣ. ಎರಡರಲ್ಲೂ ಬಂದರೆ, ಆ ಬಣ್ಣಕ್ಕೂ ರಿಸೆಪ್ಟರಿಗೂ ಸಂಬಂಧವಿಲ್ಲ, ಮೊಲದ ಮೈಯಲ್ಲಿ ಹುಟ್ಟಿನಿಂದಲೋ ಹೇಗೋ ಇದ್ದ ಬೇರೆ ಯಾವುದೋ ಆಂಟಿಬಾಡಿ ಅಂಟುತ್ತಿದೆ ಎಂದರ್ಥ. ಸೋಪಿನ ಪುಡಿಗೆ ಎರಡು ಬಕೆಟ್ಟು ಇಡುವ ಮನುಷ್ಯನಿಗೆ ಇದು ಹೇಳಿ ಮಾಡಿಸಿದ ಪದ್ಧತಿ.

ಭಾವ ಆರಂಭದಲ್ಲಿ ಗರ್ಭಕೋಶದ ಮೇಲೆ ಆ ಪರೀಕ್ಷೆ ಮಾಡಿದ್ದರು. ಮುಂಚಿನ ಸೀರಮ್ ಹಾಕಿದ ಸ್ಲೈಡು ಬರೀ ನೀಲಿ. ಅಲ್ಲಿಗೆ ಮುಗಿಯಿತು. ಉಳಿದ ಸ್ವಲ್ಪವನ್ನು ಒಂದು ಟ್ಯೂಬಿನಲ್ಲಿ ಹಾಕಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಫ್ರೀಜರಿನ ಕೆಳಗಿನ ಮೂಲೆಗೆ ತಳ್ಳಿದರು. ಚುಚ್ಚಿದ ಮೇಲಿನ ರಕ್ತ ಎಷ್ಟು ಸಲ ಬೇಕಾದರೂ ತೆಗೆಯಬಹುದು. ಮುಂಚಿನದು ಒಂದೇ ಸಲ ಸಿಗುವುದು. ಮುಗಿದರೆ ಮುಗಿಯಿತು. ಆದ್ದರಿಂದ ಯಾರೂ ಅದನ್ನು ಮುಟ್ಟಕೂಡದು. ನಾನು ಫ್ರೀಜರ್ ರಿಪೇರಿಗೆ ಹೋದಾಗ ಎಲ್ಲವನ್ನೂ ಬೇರೆ ಫ್ರೀಜರಿಗೆ ಸಾಗಿಸಬೇಕಲ್ಲ, ಆ ಡಬ್ಬಿಯನ್ನು ಮಾತ್ರ ಭಾವ ತಾವೇ ಎತ್ತಿಕೊಂಡು ಹೋಗುತ್ತಿದ್ದರು. ಒಂದು ಸಲ ನಾನು ಕೈ ಹಾಕಿದ್ದಕ್ಕೆ, ಎಂದೂ ದನಿ ಎತ್ತದ ಮನುಷ್ಯ, "ಬಿಡೋ ಅದನ್ನ," ಎಂದು ಗದರಿಸಿದರು. ಹೊಸ ತಟ್ಟೆಗಳನ್ನು ಯಾವತ್ತೋ ಬರುವ ದೊಡ್ಡವರಿಗೆಂದು ಬೀರುವಿನಲ್ಲಿ ಮುಚ್ಚಿಟ್ಟು, ಅಂಚು ಮುರಿದ ತಟ್ಟೆಯಲ್ಲಿ ಊಟ ಮಾಡುವವರನ್ನು ನೀವು ನೋಡಿರಬಹುದು. ಅದೇ ಜಾತಿ.

ಹೀಗಿರುವಾಗ ಲ್ಯಾಬಿಗೆ ಒಬ್ಬ ಹುಡುಗಿ ಬಂದಳು. ಡಾಕ್ಟರೇಟು ಮಾಡಲು ಬಂದವಳು. ಮಾತು ಮಾತಿಗೆ ಯಾಕೆ ಎಂದು ಕೇಳುವುದರಿಂದ ಅವಳಿಗೆ ಯಾಕಮ್ಮ ಎಂದು ಹೆಸರು ಬಿದ್ದಿತ್ತು. ಹಾಗೆ ಕರೆದರೆ ಯಾಕೆ ಹಾಗೆ ಕರೆಯುತ್ತೀರಿ ಎಂದೂ ಅವಳು ಕೇಳಿದಳಂತೆ. ಅವಳು ಇಲಿಯ ಜಠರದ ಮೇಲೆ ಕೆಲಸ ಮಾಡುತ್ತಿದ್ದಳು. ಸುಮ್ಮನೆ ನೋಡೋಣ ಎಂದು ಅಮ್ಮಣ್ಣಿಯ ಸೀರಮ್ಮನ್ನು ಜಠರದ ಸ್ಲೈಡಿಗೆ ಹಾಕಿದರೆ, ಒಳಗೋಡೆಯ ಕೋಶಗಳಲ್ಲಿ ಸಾಲಾಗಿ ದಟ್ಟ ಕಂದು ಬಣ್ಣ ಬಂತು. ಹೆಣ್ಣು ಹಾರ್ಮೋನಿನ ರಿಸೆಪ್ಟರ್ ಅಲ್ಲಿ, ಅಷ್ಟೊಂದು ಇರುತ್ತದೆ ಎಂದು ಲ್ಯಾಬಿನಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಲ್ಯಾಬಿನ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಂ ಎನ್ನುವವರು, ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು, ಇದನ್ನು ಪತ್ರಿಕೆಗೆ ಬರೆಯೋಣ, ಈ ಸಲ ಲೇಖನದ ಮೇಲೆ ನಿಮ್ಮ ಹೆಸರೂ ಇರುತ್ತೆ ಎಂದು ಭಾವನಿಗೆ ಹೇಳಿದರು.

ಅಷ್ಟು ವರ್ಷ ಲೇಖನಗಳ ಕೊನೆಯಲ್ಲಿ, ಸಣ್ಣಕ್ಷರದಲ್ಲಿ, ಸಹಾಯಕ್ಕೆ ವಂದನೆ ಎಂಬ ಸಾಲಿನಲ್ಲಿ ಇರುತ್ತಿದ್ದ ಹೆಸರು ಈಗ ಮೇಲೆ ಬರುತ್ತದೆ. ಭಾವ ಮನೆಗೆ ಬಂದು ಮೆಲ್ಲಗೆ ಅಕ್ಕನಿಗೆ ಹೇಳಿದರು. ಅಕ್ಕ ಮೆಲ್ಲಗೆ ಹೇಳುವ ಪೈಕಿಯವಳಲ್ಲ. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ತರಕಾರಿ ಅಂಗಡಿಯವನು ನನ್ನನ್ನು ತಡೆದು, ನಿಮ್ಮ ಭಾವ ಹೊಟ್ಟೆಯಲ್ಲಿ ಏನೋ ಕಂಡುಹಿಡಿದರಂತೆ, ನನ್ನ ಹೊಟ್ಟೆಯನ್ನೂ ಒಮ್ಮೆ ನೋಡಿಸಬಹುದಾ ಎಂದು ಕೇಳಿದ. ನಾನು ಇಲಿಯಾಗಿ ಹುಟ್ಟಿ ಬಾ ಎಂದೆ.

ತಿಂಗಳೊಪ್ಪತ್ತು ಕಳೆದಿರಬೇಕು. ಒಂದು ಮಧ್ಯಾಹ್ನ ಭಾವ ಅಂಗಡಿಗೆ ಬಂದು, ಕೆಟ್ಟು ಕೂತ ಫ್ರಿಜ್ಜೊಂದರ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಮುಖ ಊದಿಕೊಂಡಿತ್ತು. ಏನೆಂದು ಕೇಳಿದರೆ ಏನಿಲ್ಲ ಎಂದರು. ಮೂರು ಸಲ ಏನಿಲ್ಲ ಎಂದ ಮೇಲೆ ವಿಷಯ ಹೊರಬಿತ್ತು. ಯಾಕಮ್ಮ ಜಠರದ ಸ್ಲೈಡುಗಳನ್ನು ಎದುರಿಗಿಟ್ಟು, ಅಂಕಲ್, ಗರ್ಭಕೋಶದಲ್ಲಿ ಬಣ್ಣ ನ್ಯೂಕ್ಲಿಯಸ್ಸಿನ ಒಳಗಿದೆ, ಜಠರದಲ್ಲಿ ನ್ಯೂಕ್ಲಿಯಸ್ಸು ಬಿಟ್ಟು ಸುತ್ತಲೂ ಇದೆ, ಯಾಕೆ ಎಂದು ಕೇಳಿದಳಂತೆ. ಭಾವ, ಮನೆಯ ಯಜಮಾನ ಯಾವಾಗಲೂ ನಡುಮನೆಯಲ್ಲೇ ಕೂರಬೇಕು ಅಂತ ಇದೆಯೇನಮ್ಮ, ಕೆಲವು ಮನೆಗಳಲ್ಲಿ ಹೊರಗಿನ ಕೋಣೆಯಲ್ಲೂ ಕೂರ್ತಾನೆ ಎಂದು ನಗಾಡಿದರು. ಅವಳು ನಗಲಿಲ್ಲ. ಆ ಮುಂಚಿನ ಸೀರಮ್ ಸ್ವಲ್ಪ ಕೊಡಿ, ಜಠರದ ಮೇಲೆ ಹಾಕಿ ನೋಡೋಣ ಎಂದಳು. ಭಾವ ಕೊಡುವುದಿಲ್ಲ ಎಂದರು. ಮರುದಿನ ಮತ್ತೆ ಕೇಳಿದಳು. ಆಮೇಲೆ ಮೇಡಂ ಮುಂದೆಯೇ ಕೇಳಿದಳು. ಮೇಡಂ ಭಾವನ ಮುಖ ನೋಡಿ, ನಿಮ್ಮ ಡಬ್ಬಿ, ನೀವೇ ಯೋಚನೆ ಮಾಡಿ ಎಂದರು.

ನನಗೆ ಪಿತ್ತ ನೆತ್ತಿಗೇರಿತು. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ.

"ಆ ಹುಡುಗಿಗೆ ನಿಮ್ಮ ಅರ್ಧ ವಯಸ್ಸಿಲ್ಲ. ನಡೀರಿ, ನಾನು ಬಂದು ಕೇಳ್ತೀನಿ."

"ಏನಂತ ಕೇಳ್ತೀಯಾ?"

"ನಮ್ಮ ಭಾವನ ಸೀರಮ್ ಮೇಲೆ ಅನುಮಾನ ಪಡೋಕೆ ನೀನು ಯಾರು ಅಂತ."

ಭಾವ ಫ್ರಿಜ್ಜಿನ ಬಾಗಿಲನ್ನು ತೆರೆದು ಮುಚ್ಚಿ ಮಾಡತೊಡಗಿದರು. "ಅವಳು ಕೇಳಿದ್ದು ಸರಿಯಾಗೇ ಇದೆ ಕಣೋ. ಅದೇ ತೊಂದರೆ," ಎಂದರು.

ಸರಿಯಾಗಿದ್ದರೆ ಕೊಟ್ಟು ಕೈ ತೊಳೆದುಕೊಳ್ಳಿ ಎಂದೆ. ಅದು ಸ್ವಲ್ಪವೇ ಇರುವುದು, ಇವತ್ತು ಇವಳು, ನಾಳೆ ಇನ್ನೊಬ್ಬಳು, ಹೀಗೆ ಕೇಳಿದವರಿಗೆಲ್ಲ ಕೊಟ್ಟರೆ ನಿಜವಾಗಿ ಬೇಕಾದಾಗ ಏನು ಮಾಡೋಣ ಎಂದರು. ನಿಜವಾಗಿ ಬೇಕಾಗುವುದು ಯಾವಾಗ ಎಂದು ಕೇಳಿದೆ. ಆ ಫ್ರಿಜ್ಜಿನ ಬಾಗಿಲು ಬಡಿದು ಬಡಿದು ಅದರ ಹಿಡಿಯನ್ನೂ ಸಡಿಲ ಮಾಡಿ ಎದ್ದು ಹೋದರು.

ಆ ವಾರವೆಲ್ಲ ಭಾವ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಅಕ್ಕನೇ ನನಗೆ ಫೋನ್ ಮಾಡಿ ಕರೆಸಿದಳು. ನಾನು ಹೋದಾಗ ಅವರು ಅಡುಗೆಮನೆಯ ಮೇಜಿನ ಮುಂದೆ, ತಣ್ಣಗಾದ ಟೀ ಇಟ್ಟುಕೊಂಡು ಕೂತಿದ್ದರು. ಅಕ್ಕ ಒಣಗಿದ ಬಟ್ಟೆಗಳನ್ನು ಮಡಚುತ್ತಿದ್ದಳು. ನಾನು ಆ ಹುಡುಗಿಯನ್ನು ಬೈಯಲು ಶುರು ಮಾಡಿದೆ. ಅಕ್ಕ ನನಗೆ ಬಾಯಿ ಮುಚ್ಚು ಎಂದಳು. ಬಟ್ಟೆಯ ರಾಶಿಯಿಂದ ಆ ಅಂಗಿಯನ್ನು ಎಳೆದು, ತೋಳೆರಡನ್ನೂ ಮೇಜಿನ ಮೇಲೆ ಹರಡಿದಳು.

"ರೀ, ಸೋಪಿನ ಪುಡಿಗೆ ಎರಡು ಬಕೆಟ್ಟು. ಎಣ್ಣೆಗೆ ಅರ್ಧ ತಲೆ. ನಾನು ತಲೆನೋವಿನ ಮಾತ್ರೆ ತಗೊಂಡು ವಾಸಿಯಾಯ್ತು ಅಂದ್ರೆ, ತಗೊಳ್ಳದೆ ಇದ್ರೂ ವಾಸಿಯಾಗ್ತಿತ್ತೇನೋ ಅಂತೀರಿ. ಇಷ್ಟು ವರ್ಷದಲ್ಲಿ ನಮ್ಮ ಮನೇಲಿ ಒಂದು ಮಾತು ಪರೀಕ್ಷೆ ಇಲ್ದೆ ಪಾಸಾಗಿಲ್ಲ. ಅಮ್ಮಣ್ಣಿ ಒಬ್ಬಳಿಗೆ ಏನೂ ಇಲ್ವಾ?"

"ಅದು ಸ್ವಲ್ಪವೇ ಇರೋದು ಕಣೇ," ಎಂದರು ಭಾವ.

"ಸ್ವಲ್ಪ ಇದೆ ಅಂತ ಮುಟ್ಟಲ್ವೋ, ಮುಟ್ಟಿದ್ರೆ ಏನು ಕಾಣುತ್ತೋ ಅಂತ ಮುಟ್ಟಲ್ವೋ?"

ಭಾವ ಟೀ ಕುಡಿದರು. ಅದರಲ್ಲಿ ಕೆನೆ ಕಟ್ಟಿತ್ತು. ಕೆನೆಯನ್ನೂ ನುಂಗಿದರು. ಅಕ್ಕ ಅಂಗಿ ಮಡಚಿ ಪಕ್ಕಕ್ಕಿಟ್ಟು, ಒಳಗೆ ಹೋದಳು. ನಾನೂ ಯಾಕೋ ಬೈಯುವುದನ್ನು ಮರೆತು ಎದ್ದು ಬಂದೆ.

ಮಾರನೇ ದಿನ ಲ್ಯಾಬಿನಿಂದ ನನಗೆ ಕರೆ ಬಂತು, ಫ್ರೀಜರಿನ ಬಾಗಿಲ ರಬ್ಬರ್ ಬಿರಿದಿದೆ ಎಂದು. ನಾನು ಹೋದಾಗ ಭಾವ ಆ ಸ್ಟೀಲ್ ಡಬ್ಬಿಯನ್ನು ಹೊರಗೆ ತೆಗೆದಿದ್ದರು. ಟ್ಯೂಬನ್ನು ಬೆರಳುಗಳ ನಡುವೆ ಹಿಡಿದು ಕರಗಿಸುತ್ತಿದ್ದರು. ಒಳಗಿದ್ದದ್ದು ಬೆರಳಿನ ಒಂದು ಗೆಣ್ಣಿನಷ್ಟೂ ಇಲ್ಲ. ಇಷ್ಟಕ್ಕೆ ಇಷ್ಟು ವರ್ಷ ಕಾವಲು! ಯಾಕಮ್ಮ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ನಾನು ಅವಳನ್ನು ಗುರಾಯಿಸಿದೆ. ಅವಳು ನಮಸ್ಕಾರ ಮಾಮ ಎಂದಳು. ಏನು ಮಾಡುವುದು, ನಮಸ್ಕಾರ ಎಂದೆ.

ನಾಲ್ಕು ಸ್ಲೈಡು. ಎರಡು ಗರ್ಭಕೋಶದ್ದು, ಎರಡು ಜಠರದ್ದು. ಒಂದೊಂದು ಜೊತೆಯಲ್ಲಿ ಒಂದಕ್ಕೆ ಚುಚ್ಚಿದ ಮೇಲಿನ ಸೀರಮ್, ಇನ್ನೊಂದಕ್ಕೆ ಮುಂಚಿನದು. ಯಾವುದಕ್ಕೆ ಯಾವುದು ಎಂದು ಬರೆದದ್ದರ ಮೇಲೆ ಕಾಗದ ಅಂಟಿಸು, ಗೊತ್ತಿದ್ದರೆ ಕಣ್ಣು ಪಕ್ಷಪಾತ ಮಾಡುತ್ತದೆ ಎಂದು ಭಾವ ಹುಡುಗಿಗೆ ಹೇಳಿದರು. ಸೀರಮ್ ಹಾಕಿದ ಸ್ಲೈಡುಗಳನ್ನು ಒದ್ದೆ ಕಾಗದ ಹಾಸಿದ ಪೆಟ್ಟಿಗೆಯಲ್ಲಿ ಇಟ್ಟು ಮರುದಿನದವರೆಗೆ ಬಿಡಬೇಕು. ರಬ್ಬರ್ ಹಾಕುವ ಕೆಲಸ ಒಂದು ಗಂಟೆಯದು. ನಾನು ಅದನ್ನು ಅರ್ಧಕ್ಕೆ ಬಿಟ್ಟು, ಅಂಟು ಒಣಗಬೇಕು ಎಂದು ಹೇಳಿ, ಮರುದಿನ ಮತ್ತೆ ಹೋದೆ.

ಭಾವ ಸ್ಲೈಡುಗಳನ್ನು ತೊಳೆದರು, ಬಣ್ಣ ಹಾಕಿದರು, ಮತ್ತೆ ತೊಳೆದರು. ಅವರು ಮೈಕ್ರೋಸ್ಕೋಪಿನ ಮುಂದೆ ಕೂತಾಗ ದೊಡ್ಡ ಮೇಡಂ ಬಂದು ಬಾಗಿಲ ಬಳಿ ನಿಂತರು. ಮೊದಲು ಗರ್ಭಕೋಶದ ಜೊತೆ. ಒಂದು ಕಂದು, ಒಂದು ನೀಲಿ ಎಂದರು ಭಾವ. ದನಿಯಲ್ಲಿ ಉಸಿರು ಬಂತು. ಆಮೇಲೆ ಜಠರದ್ದನ್ನು ಇಟ್ಟರು. ನೋಡಿದರು. ತೆಗೆದು ಇನ್ನೊಂದನ್ನು ಇಟ್ಟರು. ಮತ್ತೆ ಮೊದಲನೆಯದನ್ನು ಇಟ್ಟರು. ಹೀಗೆ ಬದಲಾಯಿಸಿ ಬದಲಾಯಿಸಿ ಎಷ್ಟು ಹೊತ್ತು ನೋಡಿದರೆಂದರೆ ನಾನು ರಬ್ಬರನ್ನು ಬಾಗಿಲಿನ ಸುತ್ತ ಒಂದು ಸುತ್ತು ಒತ್ತಿ ಮುಗಿಸಿದ್ದೆ.

ಕೊನೆಗೆ ಕುರ್ಚಿ ಹಿಂದೆ ತಳ್ಳಿ, "ಎರಡೂ ಕಂದು. ಕಾಗದ ತೆಗೆಯೋದೇ ಬೇಡಮ್ಮ," ಎಂದರು.

ಅಂದರೆ ಏನೂ ಚುಚ್ಚುವ ಮುಂಚೆಯೇ ಅಮ್ಮಣ್ಣಿಯ ರಕ್ತದಲ್ಲಿ ಜಠರಕ್ಕೆ ಅಂಟುವ ಏನೋ ಒಂದು ಇತ್ತು. ಹಾರ್ಮೋನಿಗೂ ಅದಕ್ಕೂ ಸಂಬಂಧವಿಲ್ಲ. ಗರ್ಭಕೋಶದ ಹಳೆಯ ಕೆಲಸವೆಲ್ಲ ಗಟ್ಟಿಯಾಗಿ ನಿಂತಿತು, ಜಠರದ್ದು ಮಗುಚಿಕೊಂಡಿತು. ಅದರ ಜೊತೆ ಭಾವನ ಹೆಸರು ಬರಬೇಕಿದ್ದ ಲೇಖನವೂ ಹೋಯಿತು. ಗೆದ್ದೆ ಎಂದು ಯಾಕಮ್ಮ ಕುಣಿಯುತ್ತಾಳೆ, ಆಗ ಅವಳಿಗೆ ಸರಿಯಾಗಿ ಹೇಳೋಣ ಎಂದು ನಾನು ಕಾಯುತ್ತಿದ್ದೆ. ಅವಳ ಕಣ್ಣಲ್ಲಿ ನೀರಿತ್ತು. ಅವಳದ್ದೂ ತಿಂಗಳುಗಟ್ಟಲೆಯ ಕೆಲಸ ನೀರಿನಲ್ಲಿ ಹೋಗಿತ್ತು ಎನ್ನುವುದು ನನ್ನ ಮಂಡೆಗೆ ಆಗ ಹೊಳೆಯಿತು. ಭಾವ ಅವಳಿಗೆ ತಮ್ಮ ಕರ್ಚೀಫು ಕೊಟ್ಟರು. ಅದರಲ್ಲಿ ಕಂದು ಕಲೆಯಿತ್ತು. ಅವಳು ಅದನ್ನು ನೋಡಿ, ಯಾಕೆ ಅಂಕಲ್ ಇದೂ ಪಾಸಿಟಿವ್ವಾ ಎಂದಳು. ಇಬ್ಬರೂ ಅಳುನಗು ನಕ್ಕರು.

ಮೇಡಂ ಬೈಯಲಿಲ್ಲ. ನಾನೂ ಕೇಳಬೇಕಿತ್ತು, ಕೇಳಲಿಲ್ಲ ಎಂದಷ್ಟೇ ಹೇಳಿದರು. ಭಾವ ಒಂದು ಮಾತು ಕೇಳಿದರು. ಸೀರಮ್ ಹೋದ ಕಡೆಗೆಲ್ಲ ಈ ವಿಷಯ ತಿಳಿಸಬೇಕು ಎಂದು. ಗರ್ಭಕೋಶ ಬಿಟ್ಟು ಬೇರೆ ಕಡೆ ಬಳಸಿದವರಿಗೆ ತಿಳಿಸಿದರೆ ಸಾಕಲ್ಲ ಎಂದರು ಮೇಡಂ. ಯಾರು ಯಾವುದಕ್ಕೆ ಬಳಸಿದರು ಅಂತ ನನಗೇನು ಗೊತ್ತು, ಎಲ್ಲರಿಗೂ ಹೇಳೋಣ ಎಂದರು ಭಾವ. ತಮ್ಮ ಅಮ್ಮಣ್ಣಿಯ ಹೆಸರಿಗೆ ತಾವೇ ಊರೂರಲ್ಲಿ ಮಸಿ ಬಳಿಯುವ ಕೆಲಸ! ನಾನು ಅವತ್ತು ಸಂಜೆ ಅಂಗಡಿಯಲ್ಲಿ, ನಿಮಗೆ ಬುದ್ಧಿ ಇದೆಯಾ ಎಂದು ಕೂಗಾಡಿದೆ. ಅರ್ಧ ಇದೆ, ಇನ್ನರ್ಧ ಹೋಲಿಸಿ ನೋಡೋಕೆ ಇಟ್ಟಿದೀನಿ ಎಂದರು.

ಮೇಡಂ ಎಲ್ಲರಿಗೂ ಈಮೇಲ್ ಕಳಿಸಿದರು. ಉತ್ತರಗಳು ಬಂದವು. ಒಬ್ಬರು, ಇಷ್ಟು ತಡವಾಗಿ ಹೇಳುತ್ತೀರಲ್ಲ ಎಂದು ಸಿಡುಕಿದ್ದರು. ಇನ್ನೊಬ್ಬರು, ನಾವು ನೋಡುವುದು ಗರ್ಭಕೋಶ ಮಾತ್ರ, ಇನ್ನೆರಡು ಟ್ಯೂಬು ಕಳಿಸಿ ಎಂದಿದ್ದರು. ಕೆಲವರು ಉತ್ತರವನ್ನೇ ಕೊಡಲಿಲ್ಲ. ಸಿಡುಕಿದವರ ಮಾತನ್ನು ಭಾವ ಹೇಗೋ ಅರಗಿಸಿಕೊಂಡರು. ಅವರ ನಿದ್ದೆ ಕೆಡಿಸಿದ್ದು ಒಂದು ವಿನಯದ ಉತ್ತರ. ದೂರದ ಊರಿನ ಲ್ಯಾಬಿನ ಮುಖ್ಯಸ್ಥರು ಬರೆದಿದ್ದರು. ತಿಳಿಸಿದ್ದಕ್ಕೆ ಧನ್ಯವಾದ, ನಮ್ಮಲ್ಲೂ ಜಠರದಲ್ಲಿ ಇಂಥದೇ ಬಣ್ಣ ಬಂದಿತ್ತು, ನಮ್ಮ ಟೆಕ್ನಿಷಿಯನ್ ಸ್ಲೈಡು ಸರಿಯಾಗಿ ತೊಳೆಯುವುದಿಲ್ಲ ಎಂದುಕೊಂಡು ಅವನನ್ನು ಆ ಕೆಲಸದಿಂದ ತೆಗೆದು ಬಾಟಲಿ ತೊಳೆಯಲು ಹಾಕಿದ್ದೆವು, ಎಂದು.

ಅಂಥ ಒಬ್ಬ ಮನುಷ್ಯ ಎಲ್ಲೋ ಇದ್ದಾನೆ ಎನ್ನುವುದು ಭಾವನಿಗೆ ಹೊಳೆದೇ ಇರಲಿಲ್ಲ. ಮೇಡಂ ಹತ್ತಿರ ಹೇಳಿಸಿ ಆ ಟೆಕ್ನಿಷಿಯನ್ನಿನ ನಂಬರ್ ತರಿಸಿಕೊಂಡರು. ಮನೆಯಿಂದ ಮಾಡಿದರೆ ಅಕ್ಕ ನಡುವೆ ಬಾಯಿ ಹಾಕುತ್ತಾಳೆ ಎಂದು ನನ್ನ ಅಂಗಡಿಗೆ ಬಂದರು. ಫೋನನ್ನು ನನ್ನ ಮೇಜಿನ ಮೇಲೆ ಇಟ್ಟು, ಸ್ಪೀಕರ್ ಹಾಕಿ, ಅದರ ಮುಂದೆ ಬಗ್ಗಿದರು.

"ನಮಸ್ಕಾರ. ನೀವು ನನ್ನನ್ನ ನೋಡಿಲ್ಲ. ನಿಮ್ಮ ಲ್ಯಾಬಿಗೆ ಮೊಲದ ಸೀರಮ್ ಕಳಿಸಿದ್ದು ನಾನು," ಎಂದರು. ಆ ಕಡೆಯಿಂದ ಹೌದಾ ಸರ್ ಎಂದು ಸಣ್ಣ ದನಿ ಬಂತು. "ಆ ಕಂದು ಬಣ್ಣ ನಿಮ್ಮ ಕೈಯಿಂದ ಬಂದಿದ್ದಲ್ಲ. ಮೊಲದಲ್ಲೇ ಇತ್ತು. ನಾನು ಮೊದಲೇ ನೋಡ್ಬೇಕಿತ್ತು, ನೋಡ್ಲಿಲ್ಲ."

ಲೈನು ಕಡಿದುಹೋಯಿತೇನೋ ಎಂದು ನಾನು ಫೋನಿಗೆ ಕೈ ಹಾಕಿದೆ. ಭಾವ ನನ್ನ ಕೈಗೆ ಹೊಡೆದರು.

"ಎಷ್ಟು ತೊಳೆದೆ ಗೊತ್ತಾ ಸರ್ ಆ ಸ್ಲೈಡುಗಳನ್ನ," ಎಂದಿತು ದನಿ. "ನೀರೇ ಸರಿಯಿಲ್ವೇನೋ ಅಂತ ನೀರು ಬದಲಾಯಿಸಿದೆ. ಪಾತ್ರೆ ಬದಲಾಯಿಸಿದೆ. ಏನು ಮಾಡಿದ್ರೂ ಬಣ್ಣ ಹೋಗ್ಲಿಲ್ಲ."

"ನೀರು ಬದಲಾಯಿಸಿದಾಗ ಹಳೇ ನೀರಲ್ಲೂ ಒಂದು ಸ್ಲೈಡ್ ಇಟ್ಟಿದ್ರಾ?"

"ಇಟ್ಟಿದ್ದೆ ಸರ್. ಇಡದೆ ಹೇಗೆ ಗೊತ್ತಾಗುತ್ತೆ?"

ಭಾವ ಸ್ಟೂಲು ಎಳೆದುಕೊಂಡು ನೆಮ್ಮದಿಯಾಗಿ ಕೂತರು. ಇಷ್ಟು ದಿನ ಕಳೆದುಹೋಗಿದ್ದ ತಮ್ಮ ಸಿಕ್ಕಿದ ಹಾಗಿತ್ತು ಅವರ ಮುಖ. ಮುಂಚಿನ ಸೀರಮ್ ಸ್ವಲ್ಪ ಉಳಿದಿದೆ, ಅದನ್ನು ಕಳಿಸಿಕೊಡುತ್ತೇನೆ, ನಿಮ್ಮ ಸಾಹೇಬರ ಎದುರಿಗೇ ಜಠರದ ಮೇಲೆ ಹಾಕಿ ತೋರಿಸಿ, ಬಾಯಿಮಾತಿಗಿಂತ ಅದು ಮೇಲು ಎಂದರು. ಆ ಮನುಷ್ಯನೂ ಇದೇ ಕಸುಬಿನವನು, ಅದರ ಬೆಲೆ ಗೊತ್ತಿದ್ದವನು. ಬೇಡ ಸರ್, ಅದು ಮುಗಿದರೆ ಮತ್ತೆ ಸಿಗುವುದಿಲ್ಲ, ನನಗೋಸ್ಕರ ಯಾಕೆ ಎಂದು ಗಾಬರಿಯಾದ.

"ಮುಗೀಲಿ ಬಿಡಿ," ಎಂದರು ಭಾವ. "ಅದಕ್ಕೇ ತಾನೆ ತೆಗೆದಿಟ್ಟಿದ್ದು."

ಆಮೇಲೆ ಇಬ್ಬರೂ ಸ್ಲೈಡು ತೊಳೆಯುವ ನೀರಿನ ವಿಷಯಕ್ಕೆ ಇಳಿದರು. ಅದರಲ್ಲಿ ಉಪ್ಪು ಎಷ್ಟಿರಬೇಕು, ಅಲುಗಾಡಿಸುವುದೋ ಸುಮ್ಮನೆ ಬಿಡುವುದೋ, ಅಲ್ಲಿನ ನಲ್ಲಿ ನೀರು ಹೇಗೆ, ಇಲ್ಲಿನದು ಹೇಗೆ. ಬಾಗಿಲಲ್ಲಿ ಒಬ್ಬ ಗಿರಾಕಿ ಫ್ರಿಜ್ಜು ಹೊರಿಸಿಕೊಂಡು ಬಂದು ನಿಂತಿದ್ದ. ಅದನ್ನು ಇಳಿಸಬೇಕಾದ ಜಾಗದಲ್ಲಿ ನಮ್ಮ ಭಾವ ಕೂತಿದ್ದರು. ಗಿರಾಕಿ ಎಷ್ಟು ಹೊತ್ತಪ್ಪಾ ಎಂದು ಗೊಣಗಿದ. ನಾನು ಅವನನ್ನು ನಾಳೆ ಬಾ ಎಂದು ಗದರಿಸಿ ಕಳಿಸಿ, ಥರ್ಮಾಕೋಲ್ ಡಬ್ಬಿ ಹುಡುಕಲು ಅಟ್ಟಕ್ಕೆ ಹತ್ತಿದೆ.